ಗಾಯಾಳುವಿನ ಕುಲ ಕೇಳದ ನೌಕೆ

ಅಂತರಿಕ್ಷದ ಕಥೆಗಳೆಂದರೆ ಯುದ್ಧದ ಕಥೆಗಳು ಎಂಬ ನಂಬಿಕೆ ಓದುಗರಲ್ಲಿ ಬಲವಾಗಿ ಬೇರೂರಿದೆ. ಗ್ರಹದಿಂದ ಗ್ರಹಕ್ಕೆ ಹಾರುವ ನೌಕೆಗಳು, ಲೋಕಗಳನ್ನೇ ಸುಟ್ಟು ಬೂದಿ ಮಾಡುವ ಆಯುಧಗಳು, ಕೊನೆಗೊಬ್ಬ ವಿಜಯೀ ನಾಯಕ. ಈ ಪರಂಪರೆಗೆ ಬೆನ್ನು ತಿರುಗಿಸಿ, ಹನ್ನೆರಡು ಸಂಪುಟಗಳ ಉದ್ದಕ್ಕೂ ಕೇವಲ ಚಿಕಿತ್ಸೆಯ ಕಥೆಯನ್ನೇ ಹೇಳಿದವನು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಜೇಮ್ಸ್ ವೈಟ್. 1928ರಲ್ಲಿ ಹುಟ್ಟಿದ ಈತನಿಗೆ ವೈದ್ಯನಾಗುವ ಹಂಬಲವಿತ್ತು. ಅದಕ್ಕೆ ಬೇಕಾದ ಹಣವಿರಲಿಲ್ಲ. ಅನೇಕ ವರ್ಷ ಉಡುಪಿನ ಅಂಗಡಿಗಳಲ್ಲಿ ದುಡಿದು, ಆಮೇಲೆ ವಿಮಾನ ತಯಾರಿಕಾ ಸಂಸ್ಥೆಯೊಂದರ ಕಚೇರಿಯಲ್ಲಿ ನೌಕರಿ ಮಾಡುತ್ತ, ತಾನು ಕಾಲಿಡಲಾಗದೆ ಹೋದ ಆಸ್ಪತ್ರೆಯನ್ನು ನಕ್ಷತ್ರಗಳ ನಡುವೆ ಕಟ್ಟಿಕೊಂಡ. 384 ಅಂತಸ್ತುಗಳ ಆ ಕಲ್ಪಿತ ಆಸ್ಪತ್ರೆಯ ಹೆಸರು 'ಸೆಕ್ಟರ್ ಜನರಲ್'. 1957ರಲ್ಲಿ ಪತ್ರಿಕೆಯೊಂದರ ಕಥೆಯಾಗಿ ಆರಂಭವಾದ ಈ ಮಾಲೆ, ವೈಟ್ ತೀರಿಕೊಂಡ 1999ರವರೆಗೂ ಬೆಳೆಯಿತು.

ಮಾಲೆಯ ನಡುವಿನ ಸಂಪುಟ 'ಆಂಬ್ಯುಲೆನ್ಸ್ ಶಿಪ್' ಪ್ರಕಟವಾದದ್ದು 1979ರಲ್ಲಿ. ನಿವೃತ್ತರಾದ ಜೈನ ಶಸ್ತ್ರವೈದ್ಯರೊಬ್ಬರು ತಮ್ಮ ವಿದ್ಯಾರ್ಥಿ ದೆಸೆಯಲ್ಲಿ ಓದಿ ಮೆಚ್ಚಿದ್ದ ಈ ಪುಸ್ತಕವನ್ನು ಈಚೆಗೆ ಮತ್ತೆ ಕೈಗೆತ್ತಿಕೊಂಡರು. ಅಂದು ಅವರನ್ನು ಸೆಳೆದದ್ದು ವಿಚಿತ್ರ ಜೀವಿಗಳು, ಅವುಗಳ ಮೇಲಿನ ಶಸ್ತ್ರಕ್ರಿಯೆಯ ಸಾಹಸ. ಈಗ ಸ್ವಾಧ್ಯಾಯದ ಅಭ್ಯಾಸವಾಗಿ, ಬಸದಿಯ ಟ್ರಸ್ಟಿನ ಕೆಲಸವೂ ಹೆಗಲೇರಿದ ಮೇಲೆ, ಅದೇ ಪುಟಗಳು ಬೇರೆಯೇ ಪ್ರಶ್ನೆಗಳನ್ನು ಮುಂದಿಟ್ಟವು.

ನೌಕೆಯ ಹೆಸರು 'ರಬ್ವಾರ್'. ಎಲ್ಲೋ ಕತ್ತಲಲ್ಲಿ ಒಡೆದು ತೇಲುತ್ತಿರುವ ಹಡಗಿನಿಂದ ಆರ್ತಸಂಕೇತ ಬಂದೊಡನೆ ಹೊರಡುವುದು ಅದರ ಕೆಲಸ. ಒಳಗಿರುವವರು ಯಾರೆಂದು ಹಲವು ಸಲ ಯಾರಿಗೂ ಗೊತ್ತಿರುವುದಿಲ್ಲ. ಅಂಥ ಜೀವಿಯನ್ನು ಹಿಂದೆ ಯಾರೂ ಕಂಡೇ ಇರುವುದಿಲ್ಲ. ನೌಕೆಯ ತಂಡದಲ್ಲಿ ಮನುಷ್ಯರಾದ ಕಾನ್‌ವೇ ಮತ್ತು ಮರ್ಚಿಸನ್ ಇದ್ದಾರೆ. ರೋಮಮಯ ಕಂಬಳಿಹುಳದಂತಹ ದೇಹದ ದಾದಿ ನೇಡ್ರಾಡ್ ಇದೆ. ಗಾಜಿನಷ್ಟು ನಾಜೂಕಾದ, ರೆಕ್ಕೆಯುಳ್ಳ ದೊಡ್ಡ ಕೀಟದಂತಹ ವೈದ್ಯ ಪ್ರಿಲಿಕ್ಲ ಇದೆ.

ಜೀವಿಗಳನ್ನು ಗುರುತಿಸಲು ವೈಟ್ ನಾಲ್ಕು ಅಕ್ಷರಗಳ ಸಂಕೇತವೊಂದನ್ನು ಬಳಸುತ್ತಾನೆ. ವಿಕಾಸದ ಮಟ್ಟ, ಅವಯವ ಮತ್ತು ಇಂದ್ರಿಯಗಳ ರಚನೆ, ದೇಹಕ್ಕೆ ಬೇಕಾದ ಗಾಳಿ, ಒತ್ತಡ, ಗುರುತ್ವ ಎಲ್ಲವೂ ಆ ನಾಲ್ಕಕ್ಷರಗಳಲ್ಲಿ ಅಡಗಿವೆ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಜೀವಗಳನ್ನು ವಿಂಗಡಿಸಿ ಕಲಿತ ಶ್ರಾವಕನಿಗೆ ಇದು ತೀರ ಅಪರಿಚಿತವೆನಿಸದು. ಎರಡರ ಉದ್ದೇಶದಲ್ಲಿಯೂ ಒಂದು ಹೋಲಿಕೆಯುಂಟು. ಜೀವದ ಸ್ವರೂಪ ತಿಳಿಯದೆ ದಯೆ ತೋರಹೊರಟವನು ಎಲ್ಲಿ ಕಾಲಿಡಬೇಕೆಂದೇ ಅರಿಯನು. ರಬ್ವಾರಿನ ತಂಡ ಗಾಯಾಳುವಿನ ದೇಹ ಎಂಥದೆಂದು ಸೂಕ್ಷ್ಮವಾಗಿ ಪರೀಕ್ಷಿಸುತ್ತದೆ. ಅವನು ಯಾರ ಕಡೆಯವನೆಂದು ಮಾತ್ರ ಒಮ್ಮೆಯೂ ಕೇಳುವುದಿಲ್ಲ.

ಸಂಪುಟದ ಕೊನೆಯ ಕಥೆಯಂತೂ ವೈದ್ಯರನ್ನು ಹಲವು ದಿನ ಬಿಡಲಿಲ್ಲ. ಪಾಳುಬಿದ್ದ ನೌಕೆಯೊಂದರಲ್ಲಿ ಭೀಕರವಾದ ಪ್ರಾಣಿಯೊಂದು ಬದುಕಿದೆ. ಅದು ನಡೆದಾಡುವ ಓಣಿಯುದ್ದಕ್ಕೂ ಯಂತ್ರಗಳು ಅದನ್ನು ಬಡಿಯುತ್ತವೆ, ತಿವಿಯುತ್ತವೆ. ನೋಡಿದವರಿಗೆ ಅದು ಚಿತ್ರಹಿಂಸೆಯ ಗೂಡು. ಯಂತ್ರವನ್ನು ನಿಲ್ಲಿಸಬೇಕೆಂದು ಯಾವ ಕರುಣಾಳುವಿಗಾದರೂ ತೋರುವುದು ಸಹಜ. ನಿಧಾನವಾಗಿ ಹೊರಬೀಳುವ ಸತ್ಯ ಬೇರೆ. ಎಡೆಬಿಡದ ಆಕ್ರಮಣದ ನಡುವೆಯೇ ರೂಪುಗೊಂಡ ದೇಹವದು; ಪೆಟ್ಟು ನಿಂತರೆ ಪ್ರಾಣವೂ ನಿಲ್ಲುತ್ತದೆ. ಅದರ ಗರ್ಭದಲ್ಲಿರುವ ಶಿಶುವಾದರೋ ಪೂರ್ಣ ಬುದ್ಧಿಯುಳ್ಳದ್ದು, ಮನಸ್ಸಿನಿಂದ ಮನಸ್ಸಿಗೆ ಮಾತನಾಡಬಲ್ಲದ್ದು. ಹುಟ್ಟುವ ಕ್ಷಣದಲ್ಲಿ ಆ ಅರಿವೆಲ್ಲ ಅಳಿಸಿಹೋಗಿ, ಅದೂ ತಾಯಿಯಂತೆ ಬರಿಯ ಹೋರಾಟದ ಯಂತ್ರವಾಗುತ್ತದೆ.

ಹೊರಗಿನ ಕ್ರಿಯೆಯನ್ನಷ್ಟೇ ನೋಡಿ ಇದು ಹಿಂಸೆ, ಇದು ಅಹಿಂಸೆ ಎಂದು ತೀರ್ಪು ಕೊಡುವವರಿಗೆ ಈ ಕಥೆ ದೊಡ್ಡ ಕಗ್ಗಂಟು. ಪ್ರಮಾದದಿಂದ ಕೂಡಿದ ಯೋಗದಿಂದ ಪ್ರಾಣಕ್ಕೆ ಹಾನಿ ಮಾಡುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹೇಳುವಾಗ ಒತ್ತು ಬೀಳುವುದು ಪ್ರಮಾದದ ಮೇಲೆ. ಶಸ್ತ್ರವೈದ್ಯನ ಕೈಯಲ್ಲಿರುವುದೂ ಕತ್ತಿಯೇ. ನಲವತ್ತು ವರ್ಷ ಆ ಕತ್ತಿ ಹಿಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿರಲಿಲ್ಲ. ಆದರೆ ಕರುಣೆಯೂ ಪ್ರಮಾದದಿಂದ ಕೂಡಿರಬಹುದೆಂಬುದು ಅವರಿಗೆ ಈ ಓದಿನಲ್ಲಿ ಮತ್ತೆ ಚುರುಕಾಗಿ ತಟ್ಟಿತು.

1992ರ 'ದಿ ಜೆನೊಸೈಡಲ್ ಹೀಲರ್' ಸಂಪುಟದಲ್ಲಿ ವೈಟ್ ಇದೇ ಎಳೆಯನ್ನು ಹಿಡಿದು ಆಳಕ್ಕಿಳಿಯುತ್ತಾನೆ. ಲಿಯೋರೆನ್ ಎಂಬ ಪ್ರತಿಭಾವಂತ ವೈದ್ಯ, ಸದಾ ತಮ್ಮತಮ್ಮಲ್ಲೇ ಕಾದಾಡುವ ರೋಗಗ್ರಸ್ತ ಜನಾಂಗವೊಂದಕ್ಕೆ ಔಷಧ ಕೊಡುತ್ತಾನೆ. ಆಸ್ಪತ್ರೆಯ ಪರೀಕ್ಷೆ ಮುಗಿಯುವವರೆಗೆ ಕಾಯಲು ಅವನಿಗೆ ತಾಳ್ಮೆಯಿಲ್ಲ. ಕಾದಾಟಕ್ಕೂ ರೋಗಕ್ಕೂ ಸಂತಾನಕ್ಕೂ ಇದ್ದ ನಂಟು ಅವನಿಗೆ ತಿಳಿದಿಲ್ಲ. ಚೇತರಿಸಿಕೊಂಡ ಜನ ಹೊಸ ಬಲದಿಂದ ಹೋರಾಡಿ ಬಹುಪಾಲು ನಾಶವಾಗುತ್ತಾರೆ. ಲಿಯೋರೆನ್ ತನಗೆ ಮರಣದಂಡನೆಯೇ ಬೇಕೆಂದು ನ್ಯಾಯಾಲಯದ ಮುಂದೆ ಹಟ ಹಿಡಿಯುತ್ತಾನೆ. ನ್ಯಾಯಾಲಯ ಅದನ್ನು ಕೊಡದೆ ಅವನನ್ನು ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕಳಿಸುತ್ತದೆ. ಅಲ್ಲಿ ಅವನು ನೊಂದ ರೋಗಿಗಳ ಮಾತು ಕೇಳುವವನಾಗುತ್ತಾನೆ. ಸಾವನ್ನು ಬೇಡುವ ಅವನ ಹಟದಲ್ಲಿ ಪಶ್ಚಾತ್ತಾಪವೆಷ್ಟು, ಮಾನಕಷಾಯವೆಷ್ಟು ಎಂದು ಕೇಳಿಕೊಳ್ಳದೆ ಈ ಪುಸ್ತಕವನ್ನು ಮುಗಿಸಲಾಗದು. ಪ್ರಾಯಶ್ಚಿತ್ತದಲ್ಲಿ ಆಲೋಚನೆಯೇ ಮೊದಲು. ತನ್ನ ದೋಷವನ್ನು ಗುರುವಿನ ಮುಂದೆ ತೆರೆದಿಟ್ಟ ಮೇಲೆ ದಂಡವನ್ನು ತಾನೇ ಆರಿಸಿಕೊಳ್ಳುವ ಅಧಿಕಾರ ಶಿಷ್ಯನಿಗಿಲ್ಲ. ಲಿಯೋರೆನ್‌ಗೆ ಕಷ್ಟವಾದದ್ದೇ ಅದು.

ಇನ್ನು ಪ್ರಿಲಿಕ್ಲನ ವಿಷಯ. ಪರರ ಭಾವನೆಗಳೆಲ್ಲ ಅದರ ಮೈಗೆ ನೇರವಾಗಿ ತಾಕುತ್ತವೆ. ಎದುರಿನವರ ಕೋಪ, ನೋವು ಅದಕ್ಕೆ ದೇಹಪೀಡೆ. ಆದ್ದರಿಂದ ಅದು ಎಲ್ಲರೊಡನೆಯೂ ಹಿತವಾಗಿ ನುಡಿಯುತ್ತದೆ. ಬೇಕಾದರೆ ಸುಳ್ಳನ್ನೂ ಹೇಳುತ್ತದೆ. ನೇಡ್ರಾಡ್ ಇದಕ್ಕೆ ತದ್ವಿರುದ್ಧ. ಅದರ ಜಾತಿಯವರ ರೋಮದ ಅಲುಗಾಟವೇ ಮನಸ್ಸನ್ನು ಬಯಲು ಮಾಡುವುದರಿಂದ ಸುಳ್ಳು ಹೇಳುವ ದಾರಿಯೇ ಇಲ್ಲ, ಮಾತೆಲ್ಲ ಒರಟು. ಸತ್ಯಾಣುವ್ರತದ ದೃಷ್ಟಿಯಿಂದ ಇವರಲ್ಲಿ ಯಾರು ಮೇಲು? ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಅಪ್ರಿಯವಚನವನ್ನೂ ಅಸತ್ಯದ ಗುಂಪಿಗೇ ಸೇರಿಸಿದ್ದಾರೆ. ಹಾಗೆಂದು ಪ್ರಿಲಿಕ್ಲ ಗೆದ್ದಂತಾಗಲಿಲ್ಲ; ಅದರ ಸವಿಮಾತಿನಲ್ಲಿ ಆತ್ಮರಕ್ಷಣೆಯ ಪಾಲೂ ಇದೆ. ನೇಡ್ರಾಡ್‌ನ ಸತ್ಯವಾದರೂ ವ್ರತವಲ್ಲ, ದೇಹಧರ್ಮ; ಬಿಡಲು ಸಾಧ್ಯವಿಲ್ಲದ್ದನ್ನು ಹಿಡಿದವನಿಗೆ ವ್ರತಿಯೆಂಬ ಹೆಸರು ಸಲ್ಲದು. ವೈಟ್ ಈ ಇಬ್ಬರನ್ನೂ ಒಂದೇ ಇಕ್ಕಟ್ಟಿನ ನೌಕೆಯಲ್ಲಿ ಕೂಡಿಹಾಕಿ ಸುಮ್ಮನೆ ನಗುತ್ತಾನೆ.

ಗ್ರಂಥದಲ್ಲಿ ಕುಂದುಗಳಿಲ್ಲವೆಂದಲ್ಲ. ಮೊದಲ ಸಂಪುಟಗಳಲ್ಲಿ ಮರ್ಚಿಸನ್‌ಳನ್ನು ಚಿತ್ರಿಸಿದ ರೀತಿ ಇಂದು ಓದುವವರಿಗೆ ಮುಜುಗರ ತರುತ್ತದೆ. ನೂರಾರು ಲೋಕಗಳ ಜೀವಿಗಳಿಗೆ ಸಮಾನ ಗೌರವ ಕೊಡಬಲ್ಲ ಲೇಖನಿ ಸ್ವಂತ ಜಾತಿಯ ಸ್ತ್ರೀಯ ಮುಂದೆ ಎಡವಿದ್ದು ಸಣ್ಣ ದೋಷವೇನಲ್ಲ. ಕಥೆಗಳ ಹೆಣಿಗೆಯೂ ಕೆಲವೆಡೆ ಒಂದೇ ಅಚ್ಚಿನದು.

ಜೈನ ಮನೆತನದವರು ಓದಲೇಬೇಕಾದ ಇನ್ನೊಂದು ಸಂಪುಟವುಂಟು: 1996ರ 'ದಿ ಗ್ಯಾಲಕ್ಟಿಕ್ ಗೂರ್ಮೆ'. ಇದರ ನಾಯಕ ವೈದ್ಯನಲ್ಲ, ಅಡುಗೆಯವನು. ವೆಮಾರ್ ಎಂಬ ಗ್ರಹದಲ್ಲಿ ಜನ ಹಸಿವಿನಿಂದ ಕ್ಷೀಣಿಸುತ್ತಿದ್ದಾರೆ. ಬೇಟೆಯ ಪ್ರಾಣಿಗಳು ಮುಗಿಯುತ್ತ ಬಂದಿವೆ. ತಿನ್ನಲು ಸೊಪ್ಪು ತರಕಾರಿ ಇದೆ. ಆದರೆ ಪ್ರಾಯದವರಿಗೆ ತಕ್ಕದ್ದು ಮಾಂಸವೇ, ಸಸ್ಯಾಹಾರ ಮಕ್ಕಳಿಗೆ ಎಂಬ ರೂಢಿ ಅವರನ್ನು ಕಟ್ಟಿಹಾಕಿದೆ. ಅಡುಗೆಯವನು ಉಪದೇಶ ಮಾಡುವುದಿಲ್ಲ. ಅವರ ಅಡುಗೆಮನೆಗೇ ಹೊಕ್ಕು, ಅಲ್ಲಿಯ ಸೊಪ್ಪನ್ನು ರುಚಿಯಾಗಿ ಬೇಯಿಸಿ ಬಡಿಸುತ್ತಾನೆ. ವೈಟ್ ಇದನ್ನು ಸಸ್ಯಾಹಾರದ ಪ್ರಚಾರಕ್ಕಾಗಿ ಬರೆದವನಲ್ಲ. ಹಾಗಾಗಿಯೇ ಅದರ ಮಾತಿಗೆ ತೂಕ ಬಂದಿದೆ.

ವೈದ್ಯರ ಮರು ಓದು ಒಂದು ವ್ಯಾವಹಾರಿಕ ತೊಡಕಿನೊಡನೆ ಹೆಣೆದುಕೊಂಡಿತು. ಅವರು ಸದಸ್ಯರಾಗಿರುವ ಟ್ರಸ್ಟು ದಾನಿಗಳ ನೆರವಿನಿಂದ ಆಂಬ್ಯುಲೆನ್ಸ್ ಒಂದನ್ನು ಕೊಳ್ಳಲಿತ್ತು. ನಿಯಮಾವಳಿಯ ಕರಡಿನಲ್ಲಿ, ಏಕಕಾಲಕ್ಕೆ ಎರಡು ಕರೆಗಳು ಬಂದರೆ ಸಮಾಜದ ಕುಟುಂಬಕ್ಕೆ ಆದ್ಯತೆಯೆಂಬ ವಾಕ್ಯವಿತ್ತು. ಬರೆದವರದು ದುಷ್ಟಬುದ್ಧಿಯಲ್ಲ, ದಾನ ಕೊಟ್ಟವರ ಮನಸ್ಸು ನೋಯಬಾರದೆಂಬ ಎಚ್ಚರ. ಜೀವಗಳು ಪರಸ್ಪರ ಉಪಕಾರಕ್ಕಾಗಿ ಇವೆಯೆಂಬ ಉಮಾಸ್ವಾಮಿಗಳ ಸೂತ್ರವನ್ನು ಟ್ರಸ್ಟಿನ ಕಾಗದದ ತಲೆಯಲ್ಲಿಯೇ ಮುದ್ರಿಸಿದೆ. ಅದರ ಕೆಳಗೇ ಈ ವಾಕ್ಯವೂ ಟೈಪಾಗಿತ್ತು. ಗಾಯದ ತೀವ್ರತೆ, ದೂರ, ಇವೆರಡನ್ನೇ ಅಳತೆಯಾಗಿ ಇಟ್ಟುಕೊಳ್ಳಬೇಕೆಂದು ವೈದ್ಯರು ಬದಲಿ ವಾಕ್ಯ ಬರೆದುಕೊಟ್ಟರು. ಹಿರಿಯ ದಾನಿಯೊಬ್ಬರು ಮುನಿಸಿಕೊಂಡರು. ಸಭೆಯಲ್ಲಿ ಎರಡು ಗಂಟೆ ಚರ್ಚೆ ನಡೆಯಿತು. ನಿರ್ಣಯ ಮುಂದಕ್ಕೆ ಹೋಯಿತು. ಮನೆಗೆ ಬಂದ ಹಿರಿಯರಿಗೆ ವೈದ್ಯರು ಸೂತ್ರದ ಅರ್ಥ ಹೇಳಲು ಹೋಗಲಿಲ್ಲ. ರಾತ್ರಿಯ ಹೆದ್ದಾರಿಯಲ್ಲಿ ಅವರ ಮೊಮ್ಮಗನೇ ಬಿದ್ದಿದ್ದರೆ, ಯಾವ ಊರಿನ ಯಾವ ಟ್ರಸ್ಟಿನ ಗಾಡಿ ಬರಬೇಕೆಂದು ಬಯಸುವಿರೆಂದಷ್ಟೇ ಕೇಳಿದರು. ಹಿರಿಯರು ಉತ್ತರ ಕೊಡದೆ ಕರಡು ಪ್ರತಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ಮುಂದಿನ ಸಭೆ ಎಂದು ಎಂದು ವಿಚಾರಿಸಿದರು.