ಹೆಲಿಕಾಪ್ಟರ್: ಬಿಡಿಸಿ ಬರೆಯಿರಿ

ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನಮಗೆ ಉದ್ದದ ಪದಗಳನ್ನು ಕಲಿಸಿದ್ದು ಒಂದೇ ದಾರಿಯಲ್ಲಿ: ಸ್ಪೆಲ್ಲಿಂಗ್ ಹತ್ತು ಸಲ ಬರಿ, ಬಾಯಿಪಾಠ ಮಾಡು. ಪದ ಬಿಡಿಸೋದನ್ನು ಹೇಳಿಕೊಟ್ಟಿದ್ದು ಕನ್ನಡ ಪೀರಿಯಡ್ಡು. ಆದರೆ ಅದು ಒಂದು ಮಾರ್ಕಿನ ಪ್ರಶ್ನೆಯಾಗಿ ಅಲ್ಲೇ ಉಳಿದುಹೋಯಿತು.

ನಮ್ಮೂರಿನ ಹೆಸರನ್ನೇ ತಗೊಳ್ಳಿ. ಹಿರಿಯೂರು ತಾಲ್ಲೂಕಿನ ಹರಿಯಬ್ಬೆ. ಛಂದಸ್ಸಿನ ಲೆಕ್ಕದಲ್ಲಿ ಕತ್ತರಿಸಿದರೆ ಹ-ರಿ-ಯಬ್-ಬೆ. ಒತ್ತಕ್ಷರದ ಹಿಂದಿರುವ ‘ಯ’ ಗುರು, ಉಳಿದ ಮೂರೂ ಲಘು. ಸಂಧಿಯ ಲೆಕ್ಕದಲ್ಲಿ ಬಿಡಿಸಿದರೆ ಹರಿ + ಅಬ್ಬೆ. ಅಬ್ಬೆ ಅಂದರೆ ಹಳಗನ್ನಡದಲ್ಲಿ ತಾಯಿ. ಅತ್ತಿಮಬ್ಬೆಯ ಹೆಸರಲ್ಲಿ ಇರೋದೂ ಅದೇ. ‘ಯ’ ಎರಡೂ ಕಡೆಗೆ ಸೇರಿದ್ದಲ್ಲ. ಎರಡು ಸ್ವರಗಳು ಡಿಕ್ಕಿ ಹೊಡೆಯದಿರಲಿ ಅಂತ ನಡುವೆ ಬಂದು ಕೂತ ಯಕಾರಾಗಮ. ಅಂದರೆ, ಬಾಯಿ ಕತ್ತರಿಸುವ ಜಾಗ ಬೇರೆ, ಅರ್ಥ ಕತ್ತರಿಸುವ ಜಾಗ ಬೇರೆ.

ಇಂಗ್ಲಿಷಿನಲ್ಲೂ ಕಥೆ ಇದೇ. ಹೆಲಿಕಾಪ್ಟರನ್ನು ಬಾಯಿ ಹೆ-ಲಿ-ಕಾಪ್-ಟರ್ ಅಂತ ನಾಲ್ಕು ತುಂಡು ಮಾಡುತ್ತೆ. ಅರ್ಥ ಕೇಳಿದರೆ ಎಲ್ಲರೂ ಹೆಲಿ + ಕಾಪ್ಟರ್ ಅಂತಾರೆ. ಹೆಲಿಪ್ಯಾಡ್ ಅನ್ನೋ ಪದ ಹುಟ್ಟಿದ್ದೂ ಹಾಗೇ. ನಿಜವಾದ ಕೀಲು ಇರೋದು ಬೇರೆ ಕಡೆ: ಹೆಲಿಕೊ + ಪ್ಟರ್. ಗ್ರೀಕಿನಲ್ಲಿ ಹೆಲಿಕ್ಸ್ ಅಂದರೆ ಸುರುಳಿ, ಪ್ಟೆರಾನ್ ಅಂದರೆ ರೆಕ್ಕೆ. ಥರ್ಮೋಡೈನಾಮಿಕ್ಸ್ ಹೇಳೋಕೆ ಥರ್-ಮೋ-ಡೈ-ನಾ-ಮಿಕ್ಸ್, ಐದು ತುಂಡು. ಅರ್ಥಕ್ಕೆ ಮೂರೇ ಸಾಕು: ಥರ್ಮೋ ಶಾಖ, ಡೈನಾಮ್ ಶಕ್ತಿ, ಇಕ್ಸ್ ಶಾಸ್ತ್ರ. ಬಾಯಿ ‘ಡೈ’ ಮತ್ತು ‘ನಾ’ ನಡುವೆ ಹಾಕಿದ ಗೆರೆಗೆ ಅರ್ಥ ಸೊಪ್ಪೇ ಹಾಕಲ್ಲ. ಮೋಡೆಮ್ ಅಂತೂ ಮಾಡ್ಯುಲೇಟರ್, ಡಿಮಾಡ್ಯುಲೇಟರ್ ಎರಡರ ತಲೆ ಕಿತ್ತು ಜೋಡಿಸಿದ್ದು.

ಇದನ್ನೆಲ್ಲ ಯಾಕೆ ಬರೀತಿದ್ದೀವಿ ಅಂದರೆ, ಸೆಮಿನಾರಿನಲ್ಲಿ ಕನ್ನಡ ಮೀಡಿಯಮ್ಮಿನಿಂದ ಬಂದ ಗೆಳೆಯರು ವಿಷಯ ಗೊತ್ತಿದ್ದೂ ಒಂದು ಉದ್ದ ಪದ ಎದುರಾದ ಕೂಡಲೇ ಸುಮ್ಮನಾಗಿಬಿಡ್ತಾರೆ. ‘ನಮಗೆ ಇಂಗ್ಲಿಷ್ ಬರಲ್ಲ ಬಿಡ್ರೋ’ ಅಂತ ತಮ್ಮ ಮೇಲೆ ತಾವೇ ತೀರ್ಪು ಕೊಟ್ಕೊಳ್ತಾರೆ. ಆದರೆ ಪ್ರಸ್ತಾರ ಹಾಕಿ, ಸಂಧಿ ಬಿಡಿಸಿ, ವಿಗ್ರಹವಾಕ್ಯ ಬರೆದು ಬಂದವರು ಅವರು. ಈ ಕೆಲಸದಲ್ಲಿ ನಮಗಿಂತ ಪಳಗಿದ ಕೈ ಅವರದ್ದು. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಗೇ ಒಂದು ಪ್ರಕರಣ ಕೊಟ್ಟಿದ್ದಾನೆ. ಆ ಹತಾರ ಕನ್ನಡಕ್ಕೆ ಮಾತ್ರ ಅಂತ ಯಾರು ಹೇಳಿದ್ದು?

ಮುಂದಿನ ವೈವಾಕ್ಕೆ ಮುಂಚೆ ಒಂದು ಪೆನ್ಸಿಲ್ ಹಿಡಿದು ಕೂತ್ಕೊಳ್ಳಿ. ಹೇಳೋಕೆ ಒಂದು ಸಲ ಗೆರೆ ಹಾಕಿ, ಅರ್ಥಕ್ಕೆ ಇನ್ನೊಂದು ಸಲ. ಎರಡೂ ಗೆರೆ ಒಂದೇ ಕಡೆ ಬೀಳಲಿಲ್ಲ ಅಂತ ಗಾಬರಿ ಬೇಡ. ಹರಿಯಬ್ಬೆಯಲ್ಲೂ ಬೀಳಲ್ಲ.