ಲೆಕ್ಕದವರ ಹಾಡು

ನಾಗಪುರದ ಗಾಂಧಿಬಾಗಿನ ಸಗಟು ಬಟ್ಟೆ ಪೇಟೆಯಲ್ಲಿ ವ್ಯಾಪಾರವೆಲ್ಲ ಕೂತೇ ನಡೆಯುವುದು. ಗಾದಿ, ಅದರ ಮೇಲೆ ಬಿಳಿ ಹಾಸು, ಒರಗಲು ಲೋಡು. ಗಿರಾಕಿ ಚಪ್ಪಲಿ ಬಿಟ್ಟು ಹತ್ತಬೇಕು. ಅಂಥದೊಂದು ಗಾದಿಯ ಮೂಲೆಯಲ್ಲಿ ಅಪ್ಪ ಲೆಕ್ಕ ಬರೆಯುತ್ತಿದ್ದರು. ಮಾಲೀಕರದು ಮಾರವಾಡಿ, ಹೊರೆ ಇಳಿಸುವವರದು ವರ್ಹಾಡಿ ಮರಾಠಿ, ಬೈಗುಳಕ್ಕೆ ಎಲ್ಲರದೂ ಹಿಂದಿ. ಕನ್ನಡಕ್ಕೆ ಕಿಮ್ಮತ್ತು ಬರುತ್ತಿದ್ದದ್ದು ಗುಳೇದಗುಡ್ಡದ ಖಣ ಬಂದ ದಿನ ಮಾತ್ರ. ಗಂಟು ಬಿಚ್ಚಿ, ಇದು ತೇರು, ಇದು ಆನೆ ಹೆಜ್ಜೆ, ಇದು ಲಕ್ಷ್ಮೀಪಾದ ಎಂದು ನಮೂನೆಯ ಹೆಸರು ಹೇಳಬಲ್ಲವರು ಅಂಗಡಿಯಲ್ಲಿ ಅವರೊಬ್ಬರೇ. ಮರಾಠಿ ಹೆಂಗಸರ ಚೋಳಿಯ ಖಣ ನಮ್ಮ ಕಡೆಯ ಮಗ್ಗದ್ದು ಎಂಬುದನ್ನು ಪ್ರತಿ ಸಲವೂ ಹೊಸ ಸುದ್ದಿಯಂತೆ ಹೇಳುತ್ತಿದ್ದರು.

ಹೊರೆಯವರು ತರ್ರಿ ಪೋಹೆ ತಿನ್ನಲು ಹೋದ ಹೊತ್ತಿನಲ್ಲಿ ಅಪ್ಪನ ಗುನುಗು ಶುರುವಾಗುತ್ತಿತ್ತು. ಎಡಗೈಯ ಉಂಗುರಬೆರಳು ಖಾತೆ ಪುಸ್ತಕದ ಕೆಂಪು ರಟ್ಟಿನ ಮೇಲೆ ತಾಳ ಹಾಕುತ್ತಿತ್ತು, ಬಲಗೈ ಕೂಡುತ್ತಾ ಹೋಗುತ್ತಿತ್ತು. ಮೊತ್ತ ತಪ್ಪಿದ್ದನ್ನು ನಾನು ನೋಡಲಿಲ್ಲ. ತಾಳ ತಪ್ಪಿದ್ದು ಬೇಕಾದಷ್ಟಿದೆ.

ಅವ್ವ ಗದಗಿನವಳು. ಅವಳ ದೇವರು ಭೀಮಸೇನ ಜೋಶಿ. ಅಬ್ದುಲ್ ಕರೀಂ ಖಾನರ ಠುಮ್ರಿಯ ಪ್ಲೇಟು ಕೇಳಿ ಹುಚ್ಚು ಹಿಡಿಸಿಕೊಂಡ ಹುಡುಗ 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ ಮನೆ ಬಿಟ್ಟು ಓಡಿದ್ದು, ಗ್ವಾಲಿಯರ್, ಜಲಂಧರ್ ಎಲ್ಲ ಸುತ್ತಿದ ಮೇಲೆ ಗುರು ಸಿಕ್ಕದ್ದು ಮನೆಯ ಮಗ್ಗುಲಿನ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ರೂಪದಲ್ಲಿ: ಈ ಕಥೆ ಹೇಳುವಾಗ ಅವಳು ರೊಟ್ಟಿ ಬಡಿಯುವುದನ್ನೂ ನಿಲ್ಲಿಸುತ್ತಿದ್ದಳು. "ಬಿಟ್ಟು ಹೋಗಬೇಕು ನೋಡ್ರಿ, ಬಿಟ್ಟವರಿಗೇ ಸಿಗತೈತಿ. ಪುರಂದರದಾಸರು ನವಕೋಟಿ ಬಿಡಲಿಲ್ಲೇನು?" ಎನ್ನುತ್ತಿದ್ದಳು. ಬಾಣ ಯಾರ ಕಡೆಗೆಂದು ಬೇರೆ ಹೇಳಬೇಕಿರಲಿಲ್ಲ.

ಅಪ್ಪನ ಆದರ್ಶ ವಸಂತರಾವ್ ದೇಶಪಾಂಡೆ. ಹುಟ್ಟಿದ್ದು ಅಕೋಲೆಯ ಕಡೆಯ ಮೂರ್ತಿಜಾಪುರ, ಪಾಠ ನಾಗಪುರದಲ್ಲಿ ಶಂಕರರಾವ್ ಸಪ್ರೆಯವರ ಹತ್ತಿರ. ಹಿಂದಿ ಸಿನಿಮಾಕ್ಕೆ ಹುಚ್ಚೆಬ್ಬಿಸುವ ಟ್ಯೂನು ಕೊಟ್ಟ ಸಿ. ರಾಮಚಂದ್ರ ಕೂಡ ಕಲಿತದ್ದು ಅಲ್ಲೇ. 1935ರ 'ಕಾಲಿಯಾ ಮರ್ದನ' ಚಿತ್ರದಲ್ಲಿ ಬಾಲಕ ವಸಂತ ಕೃಷ್ಣನಾಗಿದ್ದ. ಅಪ್ಪನಿಗೆ ಇದ್ಯಾವುದೂ ಮುಖ್ಯವಲ್ಲ. ಮುಖ್ಯವಾದದ್ದು, ಆ ಮನುಷ್ಯ ಪುಣೆಯ ಮಿಲಿಟರಿ ಲೆಕ್ಕಪತ್ರ ಕಚೇರಿಯಲ್ಲಿ ವರ್ಷಗಟ್ಟಲೆ ಕಾರಕೂನರಾಗಿದ್ದು, ಹಗಲು ಲೆಕ್ಕ ಬರೆದು ರಾತ್ರಿ ಹಾಡಿದ್ದು. "ಕಡೀಕ ಅವರೂ ನೌಕರಿ ಬಿಟ್ಟರಲ್ಲ" ಎಂದು ಅವ್ವ ಚುಚ್ಚಿದರೆ, "ಬಿಟ್ಟರು, ಲೆಕ್ಕ ಮುಗಿಸಿ ಬಿಟ್ಟರು" ಎಂದು ಅಪ್ಪ. 1967ರಲ್ಲಿ ರಂಗಕ್ಕೆ ಬಂದ 'ಕಟ್ಯಾರ್ ಕಾಳಜಾತ್ ಘುಸಲೀ' ನಾಟಕದ ಖಾನ್‌ಸಾಹೇಬನಾಗಿ ಅವರು ಮಹಾರಾಷ್ಟ್ರವನ್ನೇ ಅಲ್ಲಾಡಿಸಿದ್ದು ಆಗಿನ ಮಾತು.

ಈ ಇಬ್ಬರ ನಡುವೆ ರಾಜಿ ಮಾಡಿಸಿದ್ದು ಒಂದು ಸಿನಿಮಾ ಹಾಡು. 1970ರ 'ಝಾಲಾ ಮಹಾರ ಪಂಢರೀನಾಥ' ಚಿತ್ರದ್ದು, ಗ. ದಿ. ಮಾಡಗೂಳಕರರ ಪದ, ಸುಧೀರ ಫಡಕೆಯವರ ಸಂಗೀತ, ಹಾಡಿದವರು ಫಡಕೆ ಮತ್ತು ವಸಂತರಾವ್. ವಿಠ್ಠಲನನ್ನು ಪಂಢರಿಯ ಕನ್ನಡ ರಾಜನೆಂದು ಕರೆಯುವ ಹಾಡು. ಬೆಳಗಿನ ರೇಡಿಯೋದಲ್ಲಿ ಅದು ಬಂತೆಂದರೆ ನಮ್ಮ ಮನೆಯಲ್ಲಿ ಸ್ಟೋವಿನ ಸದ್ದೂ ನಿಲ್ಲಬೇಕು. ಫಡಕೆಯವರದು ಇಸ್ತ್ರಿ ಹಾಕಿದ ಬಟ್ಟೆಯಂಥ ದನಿ. ವಸಂತರಾವ್ ಬಾಯಿ ಹಾಕಿದರೋ ಅದರ ತುಂಬಾ ನಿರಿಗೆ. ಅವ್ವನಿಗೆ ತನ್ನ ಕನ್ನಡದ ವಿಠ್ಠಲ ಸಿಕ್ಕ. ಜ್ಞಾನೇಶ್ವರರೇ ಅವನನ್ನು ಕಾನಡಾ ಎಂದವರು, ಹೊಯ್ಸಳ ಸೋಮೇಶ್ವರನ 1237ರ ಶಾಸನ ಪಂಢರಾಪುರದಲ್ಲೇ ಇದೆ, ಸಾಕ್ಷಿಗೇನೂ ಕೊರತೆಯಿಲ್ಲ.

ಅಪ್ಪ ಹಿಡಿದದ್ದು ಸಿನಿಮಾದ ಕಥೆಯನ್ನು. ಬರಗಾಲದಲ್ಲಿ ಮಂಗಳವೇಢೆಯ ದಾಮಾಜಿ ಸರಕಾರಿ ಕಣಜ ತೆರೆದು ಜನಕ್ಕೆ ಹಂಚಿದ. ಬೀದರಿನ ಬಾದಶಹ ಲೆಕ್ಕ ಕೇಳಿದಾಗ ವಿಠ್ಠಲನೇ ಮಹಾರನ ವೇಷದಲ್ಲಿ ದರಬಾರಿಗೆ ಹೋಗಿ ಪೈಸೆ ಉಳಿಯದಂತೆ ಹಣ ಕಟ್ಟಿ ಬಂದ. "ದೇವರೂ ಬಾಕಿ ಚುಕ್ತಾ ಮಾಡ್ಯಾನ" ಎನ್ನುವಾಗ ಅಪ್ಪನ ಮುಖ ನೋಡಬೇಕು. ಇಷ್ಟಕ್ಕೇ ಬಿಡುತ್ತಿರಲಿಲ್ಲ: ಬಸವಣ್ಣ ಬಿಜ್ಜಳನ ಕೈಕೆಳಗೆ ಕರಣಿಕನಾಗಿದ್ದ ಮಂಗಳವಾಡವೂ ಅದೇ ಊರು. ಹೀಗೆ ಬಸವಣ್ಣ, ದಾಮಾಜಿ, ವಸಂತರಾವ್ ಮೂವರೂ ಗಾಂಧಿಬಾಗಿನ ಗಾದಿಯ ಮೇಲೆ ಅಪ್ಪನ ಪಕ್ಕಕ್ಕೆ ಬಂದು ಕೂತರು. ದೇವರ ವೇಷ ಮಹಾರನದೇ ಯಾಕಾಗಬೇಕಿತ್ತು ಎಂಬ ಪ್ರಶ್ನೆ, ದೀಕ್ಷಾಭೂಮಿಯ ಊರಿನಲ್ಲಿದ್ದೂ, ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಈಗ ಆ ಹಾಡು ಕೇಳಿದಾಗ ನನಗೆ ಮೊದಲು ಬರುವುದು ಅದೇ.

ನಾನು ಬ್ಯಾಂಕು ಸೇರಿದೆ. ಅವ್ವನ ಮಾತಿನಲ್ಲಿ ಹೇಳುವುದಾದರೆ ನನಗೇನೂ ಸಿಗಲಿಲ್ಲ, ಗೃಹಸಾಲದ ಹೊರತು. ಅಪ್ಪ ನಿವೃತ್ತರಾದ ಮೇಲೆ ಸಿವಿಲ್ ಲೈನ್ಸಿನಲ್ಲಿ ವಸಂತರಾವ್ ಹೆಸರಿನ ಸಭಾಗೃಹಕ್ಕೆ ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ಅಪ್ಪ ಕುರ್ಚಿಗಳನ್ನು ಸಾಲು ಹಿಡಿದು ಎಣಿಸಿ, ಟಿಕೆಟ್ಟಿನ ದರದಿಂದ ಗುಣಿಸಿ, ಹಾಡು ಶುರುವಾಗುವ ಮೊದಲೇ ಜಮಾ ಹೇಳಿದರು. "ಖರ್ಚು ಹಿಡದೀರೇನು?" ಎಂದಳು ಅವ್ವ.

ಇಬ್ಬರೂ ಈಗಿಲ್ಲ. ಜಗಳ ಮಾತ್ರ ಮೊಮ್ಮಗಳಿಗೆ ದಾಟಿದೆ. ಪುಣೆಯಲ್ಲಿ ಆಡಿಟ್ ಕೆಲಸದಲ್ಲಿರುವವಳು ಜನವರಿಯಲ್ಲಿ ಫೋನು ಮಾಡಿ, ಕೆಲಸ ಬಿಟ್ಟು ಪೂರ್ತಿ ಹಾಡಿಗೇ ಇಳಿಯುತ್ತೇನೆ, ನೀನು ಅಜ್ಜಿಯ ಕಡೆಯೋ ಅಜ್ಜನ ಕಡೆಯೋ ಎಂದಳು. ಅಜ್ಜಿಯ ಕಡೆ ಎಂದೆ. ಖುಷಿಯಿಂದ ಫೋನು ಇಡುವವಳಿದ್ದಳು, ತಡೆದು ಹೇಳಿದೆ: ಮಾರ್ಚ್ ಕ್ಲೋಸಿಂಗ್ ಮುಗಿಸಿ ಬಿಡು.