ಡೇವಿಡ್‌ಸನ್ನಿನ ಇಬ್ಬರು ಹುಡುಗರು

ಅಮೆರಿಕದ ಉತ್ತರ ಕರೊಲೈನಾ ರಾಜ್ಯದ ಷಾರ್ಲಟ್ ನಗರದಿಂದ ಉತ್ತರಕ್ಕೆ ಸುಮಾರು 20 ಮೈಲಿ ಸಾಗಿದರೆ ಡೇವಿಡ್‌ಸನ್ ಎಂಬ ಸಣ್ಣ ಊರು ಸಿಗುತ್ತದೆ. ಊರಿನ ಜೀವವೆಲ್ಲ ಒಂದೇ ಬೀದಿಯಲ್ಲಿದೆ. ಅದರ ಒಂದು ಮಗ್ಗುಲಲ್ಲಿ ಅಂಗಡಿಗಳ ಸಾಲು. ಇನ್ನೊಂದು ಮಗ್ಗುಲಲ್ಲಿ ಹಳೆಯ ಮರಗಳ ನೆರಳು, ಹಸುರು ಹಾಸು, ಇಟ್ಟಿಗೆಯ ಕಟ್ಟಡಗಳು, ಅವುಗಳ ನಡುವೆ ಒಂದು ಗುಮ್ಮಟ. ಇದೇ ಡೇವಿಡ್‌ಸನ್ ಕಾಲೇಜು. 1837ರಲ್ಲಿ ಪ್ರೆಸ್ಬಿಟೀರಿಯನ್ ಪಂಥದವರು ಸ್ಥಾಪಿಸಿದ ಈ ವಿದ್ಯಾಲಯಕ್ಕೆ, 1781ರಲ್ಲಿ ಸಮೀಪದ ಕಟಾಬಾ ನದಿಯನ್ನು ದಾಟುತ್ತಿದ್ದ ಬ್ರಿಟಿಷ್ ಸೇನೆಯನ್ನು ತಡೆಯಹೋಗಿ ಮಡಿದ ಸೇನಾನಿಯ ಹೆಸರನ್ನಿಟ್ಟರು. ಅದೇ ನದಿಗೆ ಕಳೆದ ಶತಮಾನದಲ್ಲಿ ಅಣೆಕಟ್ಟು ಬಂದು, ಈಗ ಊರಿನ ಪಶ್ಚಿಮಕ್ಕೆ ನಾರ್ಮನ್ ಸರೋವರದ ನೀರು ಹರಡಿಕೊಂಡಿದೆ. ಮುಂದೆ ರಾಷ್ಟ್ರಾಧ್ಯಕ್ಷನಾದ ವುಡ್ರೋ ವಿಲ್ಸನ್ ಇಲ್ಲಿ ಒಂದು ವರ್ಷ ಓದಿದ್ದನು.

ಇಲ್ಲಿನ ವಿದ್ಯಾರ್ಥಿಗಳ ಸಂಖ್ಯೆ ಸುಮಾರು ಎರಡು ಸಾವಿರ. ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಕರಿರುವುದಿಲ್ಲ. ನಕಲು ಮಾಡೆನೆಂದು ವಿದ್ಯಾರ್ಥಿ ಕೊಟ್ಟ ಮಾತೇ ಕಾವಲು. ಪರೀಕ್ಷೆಯ ದಿನಗಳಲ್ಲಿ ಮೂರು ಮೂರು ಗಂಟೆ ನಿಂತು ಕಾಲು ನೋಯಿಸಿಕೊಳ್ಳುವ ಅಧ್ಯಾಪಕವರ್ಗಕ್ಕೆ ಇದನ್ನು ಕೇಳಿ ಹೊಟ್ಟೆಕಿಚ್ಚಾದರೆ ಆಶ್ಚರ್ಯವಿಲ್ಲ.

ಆದರೆ ಇಂದು ಪರಸ್ಥಳದವರು ಈ ಊರನ್ನು ಹುಡುಕಿಕೊಂಡು ಬರುವುದು ವಿಲ್ಸನ್ನನಿಗಾಗಿ ಅಲ್ಲ. ಕಾಲೇಜಿನ ಬೆಲ್ಕ್ ಕ್ರೀಡಾಮಂದಿರವನ್ನು ಅವರು ಕೇಳುತ್ತಾರೆ. ಅದರಲ್ಲಿ ಐದು ಸಾವಿರ ಜನ ಕುಳಿತುಕೊಳ್ಳಬಹುದು; ಅಮೆರಿಕದ ಲೆಕ್ಕದಲ್ಲಿ ಇದು ಪುಟ್ಟ ಮಂದಿರವೇ ಸರಿ.

ಬ್ಯಾಸ್ಕೆಟ್‌ಬಾಲ್ ಆಡುವ ಐವರಲ್ಲಿ ಚೆಂಡನ್ನು ಅಂಗಣದ ಉದ್ದಕ್ಕೂ ನಡೆಸಿಕೊಂಡು ಬರುವವನು, ಯಾರು ಎತ್ತ ಓಡಬೇಕು, ಚೆಂಡು ಯಾರ ಕೈಗೆ ಯಾವಾಗ ಸೇರಬೇಕೆಂದು ನಿರ್ಣಯಿಸುವವನು ಪಾಯಿಂಟ್ ಗಾರ್ಡ್. ಯಕ್ಷಗಾನದ ಮೇಳಕ್ಕೆ ಭಾಗವತನಿದ್ದಂತೆ ತಂಡಕ್ಕೆ ಇವನು. ಉಳಿದವರ ಭವಿಷ್ಯವನ್ನು ಅವರ ಎತ್ತರದಿಂದ ಅಷ್ಟಿಷ್ಟಾದರೂ ಅಳೆಯಬಹುದು. ಇವನದನ್ನು ಯಾವುದರಿಂದ ಅಳೆಯುವುದು? ಅಮೆರಿಕದಲ್ಲಿ ಈ ಅಳತೆಯೇ ಒಂದು ವೃತ್ತಿ. ಹದಿನೈದು ತುಂಬದ ಹುಡುಗರ ಎತ್ತರ, ತೋಳಿನ ಚಾಚು, ಜಿಗಿತ, ಓಟ ಎಲ್ಲವನ್ನೂ ಬರೆದಿಟ್ಟು, ಮುಂದೆ ತಾರೆಯಾಗುವವನು ಇವನೇ ಎಂದು ಪಟ್ಟಿ ಮಾಡುವವರು ಅಲ್ಲಿದ್ದಾರೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ಅವರು ಕೇಳಿರಲಾರರು. ನಂಬಿರುವುದು ಮಾತ್ರ ಅದನ್ನೇ.

ಸ್ಟೀಫನ್ ಕರ್ರಿಯ ಹೆಸರು ಈ ಪಟ್ಟಿಗಳ ಮೇಲ್ತುದಿಯಲ್ಲಿ ಇರಲಿಲ್ಲ. ಷಾರ್ಲಟ್ಟಿನ ಶಾಲೆಯೊಂದರ ತೆಳ್ಳನೆಯ, ಕುಳ್ಳನೆಯ ಹುಡುಗ. ತಂದೆ ಡೆಲ್ ಕರ್ರಿ ವೃತ್ತಿಪರ ಸಂಘವಾದ ಎನ್.ಬಿ.ಎ.ಯಲ್ಲಿ 16 ವರ್ಷ ಆಡಿದವರು. ಮಗ ಚೆಂಡನ್ನು ಸೊಂಟದ ಬಳಿಯಿಂದ ಎಸೆಯುತ್ತಿದ್ದುದನ್ನು ಕಂಡು, ದೊಡ್ಡವರೆದುರು ಅದು ನಡೆಯದೆಂದು, ಒಂದು ಬೇಸಗೆ ಪೂರ್ತಿ ಆ ಅಭ್ಯಾಸವನ್ನು ಬಿಡಿಸಿ, ತಲೆಯ ಮೇಲಿನಿಂದ ಎಸೆಯುವುದನ್ನು ಕಲಿಸಿದರು. ಕಲಿತಿದ್ದು ಮರೆತು, ಹೊಸದು ಬಾರದೆ, ಹುಡುಗ ಅತ್ತದ್ದೂ ಉಂಟು. ಇಷ್ಟಾದರೂ ತಂದೆ ಓದಿದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯವು ವಿದ್ಯಾರ್ಥಿವೇತನ ಕೊಡಲಿಲ್ಲ. ಬೇಕಾದರೆ ಸ್ವಂತ ಖರ್ಚಿನಲ್ಲಿ ಬಂದು ಸೇರಬಹುದು ಎಂದಿತು.

ಡೇವಿಡ್‌ಸನ್ನಿನ ತರಬೇತುದಾರ ಬಾಬ್ ಮೆಕಿಲಪ್ ಅವರು ಈ ಹುಡುಗನನ್ನು ಪರೀಕ್ಷಿಸಲೆಂದು ಲಾಸ್ ವೇಗಸ್ಸಿನ ಒಂದು ಬೇಸಗೆಯ ಪಂದ್ಯಕ್ಕೆ ಹೋದರು. ಅಂದು ಅವನ ಆಟ ನೋಡುವಂತಿರಲಿಲ್ಲ. ಚೆಂಡು ಪ್ರೇಕ್ಷಕರ ಮೇಲೆ ಹೋಯಿತು, ತನ್ನದೇ ಕಾಲಿಗೆ ತಗುಲಿತು, ಬುಟ್ಟಿಗೆ ಬೀಳಲಿಲ್ಲ. ಮೆಕಿಲಪ್ ಮೆಚ್ಚಿದ್ದು ಬೇರೊಂದನ್ನು: ಹುಡುಗ ತೀರ್ಪುಗಾರರ ಮೇಲೆ ರೇಗಲಿಲ್ಲ, ಜೊತೆಯವರನ್ನು ದೂರಲಿಲ್ಲ, ಬೆಂಚಿನ ಮೇಲೆ ಕುಳಿತಾಗಲೂ ತಂಡದವರಿಗೆ ಚಪ್ಪಾಳೆ ತಟ್ಟುತ್ತಿದ್ದ, ತನ್ನ ಕೋಚು ಮಾತನಾಡಿದಾಗ ಮುಖ ತಿರುಗಿಸದೆ ಕೇಳುತ್ತಿದ್ದ. ಇದನ್ನು ಅವರ ದಿವ್ಯದೃಷ್ಟಿಯೆಂದು ಕರೆಯುವುದು ಅತಿಯಾದೀತು. ಪಟ್ಟಿಯ ಮೇಲ್ತುದಿಯ ಹುಡುಗರು ಇಷ್ಟು ಸಣ್ಣ ಕಾಲೇಜಿಗೆ ಬರುವಂತಿರಲಿಲ್ಲ. ಉಳಿದವರನ್ನೇ ಮೆಕಿಲಪ್ ಹೆಚ್ಚು ಹೊತ್ತು ನೋಡಬೇಕಾಗಿತ್ತು.

2006ರ ನವೆಂಬರಿನಲ್ಲಿ ಕರ್ರಿ ಕಾಲೇಜಿನ ಪರವಾಗಿ ಮೊದಲ ಪಂದ್ಯವನ್ನಾಡಿದ. ಆ ಒಂದೇ ಪಂದ್ಯದಲ್ಲಿ ಚೆಂಡನ್ನು 13 ಸಲ ಎದುರಾಳಿಗಳಿಗೆ ಕಳೆದುಕೊಂಡ. ಬೇರೆಡೆಯಾಗಿದ್ದರೆ ಇಂಥ ಹುಡುಗ ಅನೇಕ ವಾರ ಬೆಂಚು ಕಾಯಬೇಕಾಗುತ್ತಿತ್ತು. ಮೆಕಿಲಪ್ ಮರುದಿನವೇ ಅವನನ್ನು ಮಿಷಿಗನ್ ವಿಶ್ವವಿದ್ಯಾಲಯದೆದುರು ಇಳಿಸಿದರು. ಅಂದು ಅವನು ಗಳಿಸಿದ ಅಂಕ 32.

ಇಲ್ಲಿ ಒಂದು ಸಂಗತಿಯನ್ನು ಹಲವರು ಮರೆಯುತ್ತಾರೆ. ಆ ತಂಡದ ಪಾಯಿಂಟ್ ಗಾರ್ಡ್ ಕರ್ರಿಯಲ್ಲ. ಅವನಿಗಿಂತ ಎರಡು ವರ್ಷ ಮುಂದಿದ್ದ ಜೇಸನ್ ರಿಚರ್ಡ್ಸ್. 2007–08ರ ಋತುವಿನಲ್ಲಿ, ಅಂಕವಾಗುವಂತೆ ಚೆಂಡನ್ನು ಜೊತೆಗಾರರಿಗೆ ಒದಗಿಸಿಕೊಡುವ ಲೆಕ್ಕದಲ್ಲಿ ದೇಶದ ಕಾಲೇಜುಗಳಿಗೆಲ್ಲ ರಿಚರ್ಡ್ಸನೇ ಮೊದಲಿಗ. ಪಂದ್ಯಕ್ಕೆ ಸರಾಸರಿ 8.1. ಕರ್ರಿ ಎಸೆಯುವವನು, ರಿಚರ್ಡ್ಸ್ ಎಸೆಯುವಂತೆ ಮಾಡುವವನು. ಇಬ್ಬರೂ ಕೂಡಿ 2008ರ ಮಾರ್ಚಿನಲ್ಲಿ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಗೊನ್ಜಾಗ, ಜಾರ್ಜ್‌ಟೌನ್, ವಿಸ್ಕಾನ್ಸಿನ್ ತಂಡಗಳನ್ನು ಕೆಡವಿದರು. 1969ರಿಂದೀಚೆಗೆ ಈ ಪಂದ್ಯಾವಳಿಯಲ್ಲಿ ಒಂದು ಪಂದ್ಯವನ್ನೂ ಗೆಲ್ಲದಿದ್ದ ಕಾಲೇಜು! ಆಡಳಿತ ಮಂಡಲಿಯವರು ತಾವೇ ಹಣ ಹಾಕಿ ವಿದ್ಯಾರ್ಥಿಗಳನ್ನು ಬಸ್ಸುಗಳಲ್ಲಿ ಡೆಟ್ರಾಯಿಟ್ಟಿಗೆ ಕಳುಹಿಸಿಕೊಟ್ಟರು.

ಅಲ್ಲಿ ಮಾರ್ಚ್ 30ರಂದು ಎದುರು ನಿಂತದ್ದು ಕ್ಯಾನ್ಸಸ್. ಕೊನೆಯ ಗಳಿಗೆಯಲ್ಲಿ ಡೇವಿಡ್‌ಸನ್ 57, ಕ್ಯಾನ್ಸಸ್ 59. ಚೆಂಡು ಕರ್ರಿಯ ಕೈಯಲ್ಲಿ. ಮೂರಂಕದ ಎಸೆತವೊಂದು ಬಿದ್ದರೆ ಗೆಲುವು. ಇಬ್ಬರು ಎದುರಾಳಿಗಳು ಅವನನ್ನು ಮುತ್ತಿದರು. ಅವನು ಚೆಂಡನ್ನು ರಿಚರ್ಡ್ಸನಿಗೆ ದಾಟಿಸಿದ. ವರ್ಷವಿಡೀ ಎಸೆಯುವಂತೆ ಮಾಡಿದವನು ಈಗ ಎಸೆಯಬೇಕಾಯಿತು. ಗಂಟೆ ಬಾರಿಸಿದಾಗ ಚೆಂಡು ಬುಟ್ಟಿಯ ಹೊರಗೆ ಬಿದ್ದಿತ್ತು. ಕ್ಯಾನ್ಸಸ್ ಮುಂದುವರಿದು ಆ ವರ್ಷದ ಪಟ್ಟವನ್ನೇ ಗೆದ್ದಿತು.

ಆ ಬೇಸಗೆಯಲ್ಲಿ ವೃತ್ತಿ ತಂಡಗಳು ಕಾಲೇಜು ಹುಡುಗರನ್ನು ಸರದಿಯಂತೆ ಆರಿಸಿಕೊಂಡಾಗ ರಿಚರ್ಡ್ಸನನ್ನು ಯಾರೂ ಕರೆಯಲಿಲ್ಲ. ಮಯಾಮಿ ತಂಡ ಬಳಿಕ ಅವಕಾಶವೊಂದನ್ನು ಕೊಟ್ಟಿತು. ಅಷ್ಟರಲ್ಲಿ ಮೊಣಕಾಲು ಮುರಿದುಬಿತ್ತು. ಎನ್.ಬಿ.ಎ.ಯಲ್ಲಿ ಒಂದು ಪಂದ್ಯವನ್ನೂ ಆಡುವ ಭಾಗ್ಯ ಅವನಿಗೆ ದೊರೆಯಲಿಲ್ಲ.

ಕರ್ರಿ ಮಾತ್ರ ಮೂರನೆಯ ವರ್ಷವೂ ಡೇವಿಡ್‌ಸನ್ನಿನಲ್ಲಿ ಉಳಿದ, ರಿಚರ್ಡ್ಸನ ಸ್ಥಾನವನ್ನು ಕಲಿಯುವುದಕ್ಕಾಗಿ. ಪಂದ್ಯಕ್ಕೆ 28.6 ಅಂಕ ಗಳಿಸಿ ದೇಶಕ್ಕೇ ಮೊದಲಿಗನಾದ. ಆದರೆ ತಂಡ ರಾಷ್ಟ್ರೀಯ ಪಂದ್ಯಾವಳಿಯನ್ನೇ ಸೇರಲಿಲ್ಲ. ಇವನು ನಿಜಕ್ಕೂ ಪಾಯಿಂಟ್ ಗಾರ್ಡೇ ಎಂಬ ಸಂಶಯ ಹೋಗಲಿಲ್ಲ. 2009ರ ಆಯ್ಕೆಯಲ್ಲಿ ಮಿನೆಸೋಟ ತಂಡಕ್ಕೆ ಐದನೆಯ, ಆರನೆಯ ಸರದಿಗಳೆರಡೂ ಇದ್ದವು. ಎರಡರಲ್ಲಿಯೂ ಅದು ಪಾಯಿಂಟ್ ಗಾರ್ಡರನ್ನೇ ಆರಿಸಿತು. ಎರಡರಲ್ಲಿಯೂ ಕರ್ರಿಯನ್ನು ಬಿಟ್ಟಿತು. ಏಳನೆಯವನಾಗಿ ಅವನು ಗೋಲ್ಡನ್ ಸ್ಟೇಟ್ ತಂಡಕ್ಕೆ ಹೋದ.

ಇದನ್ನು ಹೇಳಿ ನಗುವುದು ಈಗ ಬಲು ಸುಲಭ. ಆದರೆ ಐದನೆಯವನಾದ ರಿಕಿ ರೂಬಿಯೊ ಹದಿನಾಲ್ಕನೆಯ ವಯಸ್ಸಿಗೇ ಸ್ಪೇನಿನ ಅಗ್ರಶ್ರೇಣಿಯಲ್ಲಿ ಆಡಿದವನು, 2008ರ ಒಲಿಂಪಿಕ್ಸಿನಲ್ಲಿ ಬೆಳ್ಳಿ ಪದಕ ಪಡೆದ ತಂಡದವನು. ಆರನೆಯವನಾದ ಜಾನಿ ಫ್ಲಿನ್, ಅದೇ ವರ್ಷ ಆರು ಸಲ ಹೆಚ್ಚುವರಿ ಆಟಕ್ಕೆ ಎಳೆದ ಕಾಲೇಜು ಪಂದ್ಯವೊಂದರ 70 ನಿಮಿಷಗಳಲ್ಲಿ 67 ನಿಮಿಷ ಅಂಗಣದಲ್ಲಿದ್ದವನು. ಇವರನ್ನು ಕಂಡು ಯಾರಿಗೆ ತಾನೆ ಆಸೆ ಹುಟ್ಟದು? ಫ್ಲಿನ್ನನ ಸೊಂಟದ ಕೀಲಿಗೆ 2010ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. 2012ರ ಹೊತ್ತಿಗೆ ಎನ್.ಬಿ.ಎ. ಅವನ ಪಾಲಿಗೆ ಮುಗಿದಿತ್ತು. ಕರ್ರಿಯ ಹರಡಿಗೂ 2011ರಲ್ಲಿ ಒಮ್ಮೆ, 2012ರಲ್ಲಿ ಇನ್ನೊಮ್ಮೆ ಶಸ್ತ್ರಚಿಕಿತ್ಸೆಯಾಗಿತ್ತು. ಒಬ್ಬನ ಕೀಲು ಕೂಡಿಕೊಂಡಿತು, ಇನ್ನಿಬ್ಬರದು ಕೂಡಿಕೊಳ್ಳಲಿಲ್ಲ. ಹುಡುಗರನ್ನು ಅಳೆಯುವವರ ಪುಸ್ತಕದಲ್ಲಿ ಇದಕ್ಕೆ ಅಂಕಣವಿಲ್ಲ.

ಮುಂದಿನದು ಎಲ್ಲರಿಗೂ ತಿಳಿದದ್ದು: ನಾಲ್ಕು ಸಲ ತಂಡಕ್ಕೆ ಪಟ್ಟ, 2015 ಮತ್ತು 2016ರಲ್ಲಿ ಶ್ರೇಷ್ಠ ಆಟಗಾರನೆಂಬ ಮನ್ನಣೆ, ಮೂರಂಕದ ಎಸೆತಗಳಲ್ಲಿ ಹಿಂದೆ ಯಾರೂ ಮುಟ್ಟದ ಸಂಖ್ಯೆ.

ಇಷ್ಟಾದರೂ ಡೇವಿಡ್‌ಸನ್ ಅವನ ಅಂಗಿಯನ್ನು ಕ್ರೀಡಾಮಂದಿರದಲ್ಲಿ ತೂಗುಹಾಕಿರಲಿಲ್ಲ. ಪದವಿ ಪೂರೈಸದವರಿಗೆ ಆ ಗೌರವ ಸಲ್ಲದೆಂಬುದು ಕಾಲೇಜಿನ ನಿಯಮ; ಕರ್ರಿ 2009ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಹೋಗಿದ್ದ. ನಿಯಮ ಸಡಿಲವಾಗಲಿಲ್ಲ. ಬಾಕಿ ಉಳಿದ ಸಮಾಜಶಾಸ್ತ್ರದ ಪಾಠಗಳನ್ನು ಮುಗಿಸಿದ ಮೇಲೆ, 2022ರ ಆಗಸ್ಟ್ 31ರಂದು, ಪದವಿಯನ್ನೂ ಕೊಟ್ಟು 30ನೆಯ ಸಂಖ್ಯೆಯ ಅಂಗಿಯನ್ನೂ ಮೇಲೇರಿಸಿದರು. ಮೆಕಿಲಪ್ ಅದೇ ಬೇಸಗೆಯಲ್ಲಿ ನಿವೃತ್ತರಾಗಿದ್ದರು. ಅಂಗಣದ ನೆಲಕ್ಕೆ ಅವರ ಹೆಸರನ್ನು 2014ರಲ್ಲಿಯೇ ಇಟ್ಟಾಗಿತ್ತು.

ಬಂದವರು ತಲೆಯೆತ್ತಿ ಆ ಅಂಗಿಯನ್ನು ನೋಡುತ್ತಾರೆ, ಚಿತ್ರ ತೆಗೆದುಕೊಳ್ಳುತ್ತಾರೆ, ಆಮೇಲೆ ಬೀದಿಗೆ ಇಳಿದು ಸೋಡಾ ಅಂಗಡಿಯ ಕಡೆಗೆ ನಡೆಯುತ್ತಾರೆ.